ಒಂದೇ ಹೆಡ್‌ಫೋನ್, ಅಟ್ಲಾಂಟಾದ ಮೂರು ಟ್ರ್ಯಾಪ್ ಆಲ್ಬಮ್‌ಗಳು

ಅಮೆರಿಕದ ಅಟ್ಲಾಂಟಾ ನಗರದ ಟ್ರ್ಯಾಪ್ ಎಂಬ ರ‍್ಯಾಪ್ ಶೈಲಿಯ ಸಂಗೀತವನ್ನು ಹೊಸದಾಗಿ ಕೇಳಹೊರಟವರು ಟಿ.ಐ. ಅವರ ‘ಟ್ರ್ಯಾಪ್ ಮ್ಯೂಸಿಕ್’ (2003), ಯಂಗ್ ಜೀಝಿ ಅವರ ‘ಥಗ್ ಮೋಟಿವೇಶನ್ 101’ (2005), ಫ್ಯೂಚರ್ ಅವರ ‘ಡಿಎಸ್2’ (2015) ಇವುಗಳಲ್ಲಿ ಯಾವುದರಿಂದ ಆರಂಭಿಸಬೇಕು ಎಂಬ ಪ್ರಶ್ನೆ ಇಟ್ಟುಕೊಂಡು, ಮೂರನ್ನೂ ಒಂದೇ ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ನನ್ನ ಉತ್ತರ ಜೀಝಿ.

ಟಿ.ಐ. ಆಲ್ಬಮ್‌ನಲ್ಲಿ ಈ ಶೈಲಿಯ ನಾದ ಇನ್ನೂ ಗಟ್ಟಿಗೊಂಡಿಲ್ಲ. ಡಿಜೆ ಟೂಂಪ್ ಅವರ ಬೀಟ್‌ಗಳು, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ಅಪ್ಪಟ ಅಮೆರಿಕದ ದಕ್ಷಿಣದವು. ಕಾನ್ಯೆ ವೆಸ್ಟ್ ಕೊಟ್ಟ ‘ಡೂಯಿನ್ ಮೈ ಜಾಬ್’ ಮಾತ್ರ ಹಳೆಯ ಸೋಲ್ (ಕಪ್ಪು ಅಮೆರಿಕನ್ನರ ಭಾವಗೀತೆ ಶೈಲಿ) ಹಾಡಿನ ತುಣುಕೊಂದನ್ನು ಆಧರಿಸಿ ಬೇರೆಯೇ ಊರಿನದೆನಿಸುತ್ತದೆ. ಉಚ್ಚಾರದ ಸ್ಪಷ್ಟತೆಯಲ್ಲಿ, ಸಾಲುಗಳ ಓಟದಲ್ಲಿ ಉಳಿದಿಬ್ಬರೂ ಟಿ.ಐ.ಗೆ ಸಮನಲ್ಲ ಎಂಬುದನ್ನಂತೂ ಒಪ್ಪಲೇಬೇಕು.

ಜೀಝಿ ಆಲ್ಬಮ್‌ನ ಹಲವು ಹಾಡುಗಳಿಗೆ ಬೀಟ್ ಕಟ್ಟಿದವರು ಶಾಟಿ ರೆಡ್. ಕೆಳಗೆ 808 ಎಂಬ ಡ್ರಮ್ ಯಂತ್ರದ ಉದ್ದನೆಯ ಬಾಸ್, ಮೇಲೆ ಭಯ ಹುಟ್ಟಿಸುವ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ರಾಗ, ನಡುವೆ ಮೃದಂಗದವರು ತಾಳ ಕೆಡಿಸದೆ ಕಾಲ ಏರಿಸುವಂತೆ ಒಮ್ಮೆಲೇ ವೇಗ ಹೆಚ್ಚಿಸಿಕೊಳ್ಳುವ ಹೈ-ಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳ): ಮುಂದೆ ಟ್ರ್ಯಾಪ್ ಎಂದರೆ ಹೀಗೆಯೇ ಕೇಳಿಸಬೇಕು ಎಂದು ಜನ ಅಂದುಕೊಂಡದ್ದೆಲ್ಲ ಇಲ್ಲಿದೆ. ಜೀಝಿಯ ಗೊಗ್ಗರು ದನಿ ಅವಸರ ಮಾಡುವುದಿಲ್ಲ. ಸಾಲು ಮುಗಿದ ಮೇಲೆ ಉಳಿದ ಜಾಗವನ್ನು ‘ಯೇ...’ ಎಂಬ ಎಳೆದ ಕೂಗು ತುಂಬುತ್ತದೆ, ಮತ್ತು ನನ್ನ ಮಟ್ಟಿಗೆ ಕೆಲವೆಡೆ ಆ ಕೂಗೇ ಸಾಲಿಗಿಂತ ಹೆಚ್ಚು ಹೇಳುತ್ತದೆ.

‘ಡಿಎಸ್2’ ಲೋಟಕ್ಕೆ ದ್ರವ ಸುರಿಯುವ ಸದ್ದಿನಿಂದ ತೆರೆದುಕೊಳ್ಳುತ್ತದೆ. ಮೆಟ್ರೋ ಬೂಮಿನ್, ಸೌತ್‌ಸೈಡ್ ಮುಂತಾದವರ ಬೀಟ್‌ಗಳು ಕತ್ತಲೆ ಕವಿದಂತಿವೆ, ಆಟೋಟ್ಯೂನ್ ಎಂಬ ಶ್ರುತಿ ತಿದ್ದುವ ತಂತ್ರಾಂಶ ಹಚ್ಚಿದ ಫ್ಯೂಚರ್ ದನಿ ಅದರೊಳಗೆ ಕರಗಿ ಇನ್ನೊಂದು ವಾದ್ಯವೇ ಆಗುತ್ತದೆ. ಅತಿಥಿಯಾಗಿ ಡ್ರೇಕ್ ಒಬ್ಬರೇ ಇರುವುದರಿಂದ ಈ ಮಂಪರು ಎಲ್ಲಿಯೂ ಒಡೆಯುವುದಿಲ್ಲ. ಒಳ್ಳೆಯ ಹೆಡ್‌ಫೋನಿನಲ್ಲಿ ಮೂರರಲ್ಲಿ ಇದೇ ಅತ್ಯಂತ ಸೊಗಸು, ಆದರೆ ಒಂದೇ ಪಟ್ಟಿಗೆ ಪೂರ್ತಿ ಕೇಳಿದರೆ ದಣಿವಾಗುತ್ತದೆ. ಫೋನಿನ ಸಣ್ಣ ಸ್ಪೀಕರಿಗೆ ಹಾಕಿದಾಗಲಂತೂ ಬಾಸ್ ಮಾಯವಾಗಿ ಹಾಡಿನ ಅರ್ಧ ತೂಕವೇ ಇಳಿದುಹೋಗುತ್ತದೆ. ಜೀಝಿ ಹಾಡುಗಳಿಗೆ ಆ ತೊಂದರೆ ಅಷ್ಟಾಗಿ ಇಲ್ಲ, ಏಕೆಂದರೆ ಅಲ್ಲಿ ಸಿಂಥ್ ರಾಗವೇ ಹಾಡನ್ನು ಹಿಡಿದು ನಿಲ್ಲಿಸುತ್ತದೆ.