ಕನ್ನಡ ಓದುವ ಕಣ್ಣಿಗೆ ಯಾವ ಮಾನಿಟರ್? ಎರಡು 24, ಒಂದು 34, ಒಂದು 27

ಮಾನಿಟರ್ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಇಂಚು ಅಂತ. ನನ್ನ ಕೆಲಸ ಕನ್ನಡ ಪುಸ್ತಕಗಳ ಕರಡು ತಿದ್ದುವುದು. ಬೆಳಗಿನಿಂದ ಸಂಜೆವರೆಗೆ ಅಕ್ಷರ ನೋಡುವವರಿಗೆ ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕಿ) ಇದೆ ಅನ್ನುವುದೇ ಮುಖ್ಯ. ಬಸವನಗುಡಿಯ ನಮ್ಮ ಮನೆಯಲ್ಲಿ, ನಾಲ್ಕು ಅಡಿ ಮೇಜಿನ ಮೇಲೆ, ಮೂರು ಬಗೆಯನ್ನೂ ಇಟ್ಟು ಕೆಲಸ ಮಾಡಿದ್ದೇನೆ.

ಮೊದಲನೆಯದು ಎರಡು 24 ಇಂಚಿನ ಫುಲ್ ಎಚ್‌ಡಿ, ಅಂದರೆ 1920 × 1080 ಪಿಕ್ಸೆಲ್. ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ, ಖರ್ಚೂ ಕಡಿಮೆ. ಒಂದರಲ್ಲಿ ಮೂಲ ಪ್ರತಿ, ಇನ್ನೊಂದರಲ್ಲಿ ಕರಡು. ಈ ಅನುಕೂಲಕ್ಕೆ ಸಾಟಿ ಇಲ್ಲ. ಆದರೆ ಒಂದೊಂದೂ ಸುಮಾರು 53 ಸೆಂ.ಮೀ. ಅಗಲ. ಎರಡಿಟ್ಟರೆ ಮೇಜು ಮುಗಿಯಿತು, ಕಾಗದದ ಕಟ್ಟು ಮಡಿಲಿಗೆ ಬರುತ್ತದೆ. ಇಂಚಿಗೆ 92 ಪಿಕ್ಸೆಲ್ ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲದು.

‘ವಿಧಾನಸೌಧ’ ಅಂತ 11 ಪಾಯಿಂಟಿನಲ್ಲಿ ಟೈಪ್ ಮಾಡಿ ನೋಡಿ. ದ, ಧ ಎರಡಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು. ಅದಕ್ಕೆ ಸಿಗುವುದು ಒಂದೆರಡು ಪಿಕ್ಸೆಲ್. ‘ವಿದಾನಸೌದ’ ಅಂತ ತಪ್ಪಾಗಿದ್ದರೂ ದಣಿದ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ‘ರಾಷ್ಟ್ರ’ದ ಒತ್ತುಗಳದ್ದೂ ಇದೇ ಕಥೆ, ಟ ಒತ್ತು, ರ ಒತ್ತು ಒಂದಕ್ಕೊಂದು ಅಂಟಿಕೊಂಡು ಬಿಡುತ್ತವೆ. ಝೂಮ್ ಮಾಡಬಹುದು, ಆದರೆ ಇಡೀ ಪುಟ ಕಾಣುವುದಿಲ್ಲವಲ್ಲ.

34 ಇಂಚಿನ ಅಲ್ಟ್ರಾವೈಡ್ ನೋಡಲು ಚೆಂದ. ನಡುವೆ ಅಂಚಿನ ಗೆರೆ ಇಲ್ಲ, ಮೂರು ಪುಟ ಪಕ್ಕಪಕ್ಕ ಕೂರುತ್ತವೆ. 3440 × 1440, ಅಂದರೆ ಇಂಚಿಗೆ 110 ಪಿಕ್ಸೆಲ್. ಅಕ್ಷರ ತುಸು ಚೊಕ್ಕ. ಆದರೆ ಎತ್ತರ 27 ಇಂಚಿನದಷ್ಟೇ. ಪುಸ್ತಕದ ಪುಟ ಉದ್ದಕ್ಕೆ ಬೆಳೆಯುತ್ತದೆ, ಈ ಪರದೆ ಅಡ್ಡಕ್ಕೆ. ವಿಡಿಯೋ ಕಾಲ್‌ನಲ್ಲಿ ಇಡೀ ಪರದೆ ಹಂಚಿದರೆ ಆ ಕಡೆಯವರ ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಇರುವೆಯಷ್ಟಾಗುತ್ತದೆ. ವಿಡಿಯೋ ಎಡಿಟಿಂಗ್, ದೊಡ್ಡ ಎಕ್ಸೆಲ್ ಮಾಡುವವರು ಇದನ್ನೇ ಕೊಳ್ಳಲಿ.

ನಾನು ಉಳಿಸಿಕೊಂಡದ್ದು 27 ಇಂಚಿನ 4ಕೆ, ಅಂದರೆ 3840 × 2160 ಪಿಕ್ಸೆಲ್. ಇಂಚಿಗೆ 163 ಪಿಕ್ಸೆಲ್. ಸ್ಕೇಲಿಂಗ್ (ಪರದೆಯ ಮೇಲಿನದನ್ನೆಲ್ಲ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) 150 ಪರ್ಸೆಂಟ್ ಇಟ್ಟರೆ 2560 × 1440ರ ಪರದೆಯಷ್ಟೇ ಜಾಗ ಸಿಗುತ್ತದೆ, ಅಕ್ಷರ ಮಾತ್ರ ಅಚ್ಚಿನ ಹಾಗೆ. ಧ ಸೀಳು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅಗಲ ಸುಮಾರು 60 ಸೆಂ.ಮೀ., ಹಾಗಾಗಿ ಪಕ್ಕದಲ್ಲಿ ನಿಘಂಟು, ಕರಡು ಕಟ್ಟು, ಕಾಫಿ ಲೋಟ ಎಲ್ಲಕ್ಕೂ ಜಾಗ ಇದೆ. ಸಂಜೆ ತಲೆನೋವು ಕಡಿಮೆ ಆದದ್ದು ನನಗೆ ದೊಡ್ಡ ಸಮಾಧಾನ.

ಕೊಳ್ಳುವ ಮುಂಚೆ ಲ್ಯಾಪ್‌ಟಾಪ್‌ನ ಕಿಂಡಿ ಯಾವುದು ಅಂತ ನೋಡಿಕೊಳ್ಳಿ. ಹಳೆಯ ಎಚ್‌ಡಿಎಂಐ 1.4 ಆದರೆ 4ಕೆ ಚಿತ್ರ 30 ಹರ್ಟ್ಸ್‌ಗೇ (ಸೆಕೆಂಡಿಗೆ 30 ಸಲ ಚಿತ್ರ ಬದಲಾಗುವುದಕ್ಕೇ) ನಿಲ್ಲುತ್ತದೆ, ಮೌಸ್ ಎಳೆದೆಳೆದು ಓಡುತ್ತದೆ. 60 ಹರ್ಟ್ಸ್‌ಗೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಬೇಕು. ಇನ್ನು, 27 ಇಂಚಿನ ಫುಲ್ ಎಚ್‌ಡಿ ಅಗ್ಗಕ್ಕೆ ಸಿಗುತ್ತದೆ ಅಂತ ಸುಮ್ನೆ ತಗೋಬೇಡಿ. ಇಂಚಿಗೆ 82 ಪಿಕ್ಸೆಲ್, 24ಕ್ಕಿಂತಲೂ ಕಡೆ.

ಒಂದು ವಿಷಯದಲ್ಲಿ ಮಾತ್ರ 4ಕೆ ಸೋಲುತ್ತದೆ. ಪುಟ ಕಟ್ಟುವ ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರ್‌ಗೆ ಸ್ಕೇಲಿಂಗ್ ಒಗ್ಗುವುದಿಲ್ಲ, ಅಕ್ಷರ ಮಸುಕಾಗುತ್ತದೆ. ಡಿಟಿಪಿಯವರು ಇನ್ನೂ ಅದರಲ್ಲೇ ಪುಟ ಕಟ್ಟುತ್ತಿದ್ದರೆ ಅವರಿಗೆ ಆ ಎರಡು 24 ಇಂಚೇ ವಾಸಿ.