ಬಿದ್ರಿ ಕಲಿಯೋಕೆ ಉಸ್ತಾದರ ಬಳಿಯೋ, ತರಬೇತಿಗೋ?

ಬೀದರಿನಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬು, ಕಲಿಯಬೇಕು ಅಂದರೆ ಎರಡು ದಾರಿ. ಕೆಲವು ವಾರಗಳ ತರಬೇತಿಗೆ ಸೇರಬಹುದು, ಇಲ್ಲವೇ ಉಸ್ತಾದರ, ಅಂದರೆ ಪಳಗಿದ ಗುರುಗಳ, ಪಕ್ಕ ಕೂರಬಹುದು.

ತರಬೇತಿಯಲ್ಲಿ ಇಡೀ ಕೆಲಸ ಒಂದೇ ಓಟದಲ್ಲಿ ಕಣ್ಣಿಗೆ ಬೀಳುತ್ತದೆ. ಸತು, ತಾಮ್ರ ಕರಗಿಸಿ ಎರಕ ಹೊಯ್ಯುವುದು, ಉಜ್ಜುವುದು, ಗೆರೆ ಕಾಣಲೆಂದು ಮೈಲುತುತ್ತ (ಕಾಪರ್ ಸಲ್ಫೇಟ್) ಬಳಿಯುವುದು, ಕೆತ್ತಿ ಬೆಳ್ಳಿ ಕೂರಿಸುವುದು, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿದ ಬಿಸಿ ನೀರಿನಲ್ಲಿ ಕಪ್ಪು ಮಾಡುವುದು. ಆದರೆ ಕೈ ಪಳಗುವಷ್ಟರಲ್ಲಿ ದಿನಗಳೇ ಮುಗಿದಿರುತ್ತವೆ.

ಉಸ್ತಾದರ ಬಳಿ ಎಲ್ಲ ನಿಧಾನ. ನಾನು ತಿಂಗಳುಗಟ್ಟಲೆ ಬರೀ ಗೆರೆ ಕೆತ್ತಿದೆ. ಆಳ ಸಾಲದಿದ್ದರೆ ಬೆಳ್ಳಿ ತಂತಿ ನಿಲ್ಲುವುದಿಲ್ಲ, ಉಜ್ಜುವಾಗ ಎದ್ದು ಬರುತ್ತದೆ. ಒಂದು ದಿನ ಅವರು, "ಬೇಟಾ, ಉಳಿ ನೂಕಬೇಡ, ಸ್ವಲ್ಪ ವಾಲಿಸು" ಅಂತ ನನ್ನ ಮಣಿಕಟ್ಟು ಹಿಡಿದು ಬಗ್ಗಿಸಿದರು. ಉಳಿಯ ಸದ್ದೇ ಬದಲಾಯಿತು! ಆ ಸದ್ದು ಇವತ್ತಿಗೂ ನನಗೆ ಅಳತೆಗೋಲು. ಇಪ್ಪತ್ತು ಜನರ ತರಗತಿಯಲ್ಲಿ ಒಬ್ಬೊಬ್ಬರ ಮಣಿಕಟ್ಟು ನೋಡೋಕೆ ಯಾರಿಗೆ ಪುರುಸೊತ್ತು ಇರುತ್ತದೆ, ಅಲ್ವಾ?

2023ರಲ್ಲಿ ಪದ್ಮಶ್ರೀ ಪಡೆದ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರು ಇದೇ ಊರಿನವರು. ಇಂಥವರ ಊರಿನಲ್ಲಿದ್ದು ಸುಮ್ನೆ ನೋಡಿ ಹೋಗುವುದು ನನಗಂತೂ ಬೇಸರ.

ಕೆಲಸ, ಕಾಲೇಜು ಇದ್ದವರು ತರಬೇತಿಯಿಂದ ಶುರು ಮಾಡಿ. ಇದರಲ್ಲೇ ಹೊಟ್ಟೆ ಹೊರೆಯಬೇಕು ಅನ್ನುವವರು ನೇರವಾಗಿ ಉಸ್ತಾದರ ಬಳಿ ಹೋಗಿ. ಮೊದಲ ಆರು ತಿಂಗಳು ಖರ್ಚಿಗೆ ಬೇರೆ ದಾರಿ ನೋಡಿಕೊಂಡಿರಿ.