ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಒಂದು ಟೈಪ್-ಸಿ ಹಬ್ ಜೊತೆ ಮೂರು ವರ್ಷ

ಐದಕ್ಕೆ ಮೂರೂವರೆ ಸ್ಟಾರ್. ಕೊಂಡ ಮೊದಲ ವಾರ ಬರೆದಿದ್ದರೆ ಒಂದೇ ಕೊಡುತ್ತಿದ್ದೆ, ಅದೂ ಹಲ್ಲು ಕಚ್ಚಿಕೊಂಡು. ಆರನೇ ತಿಂಗಳಲ್ಲಿ ಕೇಳಿದ್ದರೆ ನಾಲ್ಕೂವರೆ. ಈಗ ಮೂರು ವರ್ಷ ದಾಟಿದೆ. ಹಬ್‌ನ ಬಾಲ, ಅಂದರೆ ಅದಕ್ಕೇ ಅಂಟಿಕೊಂಡ ಕೇಬಲ್, ಸಡಿಲವಾಗಿದೆ, ನನ್ನ ಸಿಟ್ಟೂ ಇಳಿದಿದೆ. ಬರೆಯಲು ಇದೇ ಸರಿಯಾದ ಹೊತ್ತು.

ವಸ್ತು ಏನೆಂದರೆ, ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿಗೆ ಚುಚ್ಚುವ ಒಂದರಲ್ಲಿ ಏಳು ಹಬ್. ಒಂದು ಎಚ್‌ಡಿಎಂಐ, ಎರಡು ಹಳೇ ಆಕಾರದ ಯುಎಸ್‌ಬಿ, ಒಂದು ಲ್ಯಾನ್, ಮೆಮೊರಿ ಕಾರ್ಡಿಗೆ ದೊಡ್ಡದೊಂದು ಚಿಕ್ಕದೊಂದು ಸ್ಲಾಟ್, ಚಾರ್ಜರ್‌ಗೆ ಇನ್ನೊಂದು ಟೈಪ್-ಸಿ. ನನ್ನ ಲ್ಯಾಪ್‌ಟಾಪಿಗೆ ಎರಡು ಟೈಪ್-ಸಿ ಬಿಟ್ಟರೆ ಬೇರೆ ಪೋರ್ಟೇ ಇಲ್ಲ. ಮಾನಿಟರ್ 27 ಇಂಚಿನದು, 4ಕೆ. ದಿನಕ್ಕೆ ಎಂಟೊಂಬತ್ತು ಗಂಟೆ ಇದರ ಮುಂದೆಯೇ ಕೆಲಸ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ, ಏಕೆಂದರೆ ಕೆಳಗೆ ಹೇಳುವ ತಂಟೆಗಳು ಈ ಜಾತಿಯ ಯಾವ ಹಬ್‌ನಲ್ಲೂ ಎದುರಾಗಬಹುದಾದವು. ಅರ್ಧಕ್ಕರ್ಧ ತಂಟೆಗೆ ಹಬ್ ಕಾರಣವೇ ಆಗಿರಲಿಲ್ಲ ಅನ್ನುವುದು ಇನ್ನೊಂದು ಕಾರಣ.

ಮೊದಲ ದಿನ ಚಿತ್ರವೇನೋ ಬಂತು. ಆದರೆ ಮೌಸಿನ ಬಾಣ ನನ್ನ ಕೈಯ ಹಿಂದೆ ಏದುಸಿರು ಬಿಡುತ್ತಾ ಬರುತ್ತಿತ್ತು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ನೋಡಿದರೆ 30 ಹರ್ಟ್ಝ್, ಅಂದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೊಸದಾಗುವುದು. ಪಟ್ಟಿಯಲ್ಲಿ 60 ಅನ್ನುವುದೇ ಇಲ್ಲ. ಡಬ್ಬದ ಮೇಲೆ ಮಾತ್ರ 4ಕೆ, 60 ಹರ್ಟ್ಝ್ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಮೋಸ ಹೋದೆ ಅಂದುಕೊಂಡು ವಾಪಸ್ ಕಳಿಸುವ ಅರ್ಜಿಯನ್ನೂ ತುಂಬಿಬಿಟ್ಟೆ.

ಅರ್ಜಿ ಒತ್ತುವ ಮೊದಲು ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಟೈಪ್-ಸಿ ಕನೆಕ್ಟರಿನಲ್ಲಿ 24 ಪಿನ್‌ಗಳಿವೆ. ಅವುಗಳಲ್ಲಿ ವೇಗದ ಡೇಟಾಕ್ಕೆ ಇರುವುದು ನಾಲ್ಕು ಲೇನ್, ಅಂದರೆ ಡೇಟಾ ಹರಿಯುವ ದಾರಿಗಳು. ನನ್ನದರಂಥ ಹಬ್ ಎರಡು ಲೇನನ್ನು ಯುಎಸ್‌ಬಿಗೆ, ಎರಡನ್ನು ಚಿತ್ರಕ್ಕೆ ಹಂಚುತ್ತದೆ. ಚಿತ್ರ ಹೊರಡುವುದು ಡಿಸ್‌ಪ್ಲೇಪೋರ್ಟ್ ಅನ್ನುವ ಪದ್ಧತಿಯಲ್ಲಿ. ಲ್ಯಾಪ್‌ಟಾಪಿನ ಒಳಗಿರುವುದು ಅದರ 1.2 ಆವೃತ್ತಿ ಆದರೆ ಒಂದು ಲೇನಿಗೆ ಸೆಕೆಂಡಿಗೆ 5.4 ಗಿಗಾಬಿಟ್, ಎರಡು ಲೇನಿನಲ್ಲಿ 4ಕೆ 30ಕ್ಕೇ ನಿಲ್ಲುತ್ತದೆ. 1.4 ಆದರೆ ಲೇನಿಗೆ 8.1, ಆಗ 60 ಹೇಗೋ ಇರುಕಿಕೊಂಡು ಹಿಡಿಯುತ್ತದೆ. ಹಾಗಾಗಿ ಹಬ್ ಎಷ್ಟೇ ಒಳ್ಳೆಯದಿರಲಿ, ಲ್ಯಾಪ್‌ಟಾಪ್ 1.2ರದ್ದಾದರೆ ಇಂಥ ಹಬ್‌ನಿಂದ ಪೂರ್ತಿ 60 ಸಿಗುವುದಿಲ್ಲ. ಕೊಳ್ಳುವ ಮುಂಚೆ ನೋಡಬೇಕಾದ್ದು ಇದು. ನಾನು ನೋಡಿರಲಿಲ್ಲ, ಅದೃಷ್ಟಕ್ಕೆ ನನ್ನದು 1.4.

ಹಾಗಾದರೆ ತಡೆದದ್ದು ಯಾರು? ಮಾನಿಟರ್! ಅದರ ಬೆನ್ನಿಗಿರುವ ಪುಟ್ಟ ಬಟನ್‌ಗಳನ್ನು ತಡಕಾಡಿ ಮೆನು ತೆರೆದರೆ, ಮೂರನೇ ಪದರದಲ್ಲಿ 'ಎಚ್‌ಡಿಎಂಐ ಮೋಡ್' ಅಂತೊಂದು ಸಾಲು, ಅದು ಹಳೇ 1.4ರಲ್ಲಿ ಕೂತಿತ್ತು (ಇದು ಎಚ್‌ಡಿಎಂಐನ 1.4, ಮೇಲೆ ಹೇಳಿದ ಡಿಸ್‌ಪ್ಲೇಪೋರ್ಟಿನದಲ್ಲ). ಹಳೇ ಸಾಧನಗಳಿಗೆ ತೊಂದರೆಯಾಗದಿರಲಿ ಅಂತ ಕೆಲವು ಮಾನಿಟರ್‌ಗಳು ಕಾರ್ಖಾನೆಯಿಂದಲೇ ಹಾಗೆ ಬರುತ್ತವೆ. ಕೇಬಲ್ ಸಿಕ್ಕಿಸಿದ ಕೂಡಲೇ ಮಾನಿಟರ್ ತನ್ನ ಜಾತಕವನ್ನು ಲ್ಯಾಪ್‌ಟಾಪಿಗೆ ಒಪ್ಪಿಸುತ್ತದೆ. ಇಡಿಐಡಿ ಅನ್ನುತ್ತಾರೆ, 128 ಬೈಟ್‌ಗಳ ಸಣ್ಣ ಸಣ್ಣ ತುಣುಕು, ಅದರಲ್ಲಿ 'ನಾನು ಇಷ್ಟು ದೊಡ್ಡವ, ಇಷ್ಟು ವೇಗ ತಡೆದುಕೊಳ್ಳಬಲ್ಲೆ' ಅನ್ನುವ ವಿವರ. ನನ್ನ ಮಾನಿಟರ್ ತನ್ನ ಯೋಗ್ಯತೆಯನ್ನೇ ಕಡಿಮೆ ಬರೆದು ಕಳಿಸುತ್ತಿತ್ತು. 2.0 ಅಂತ ಬದಲಿಸಿದೆ, ತೆರೆ ಒಮ್ಮೆ ಕಪ್ಪಾಗಿ ಮರಳಿತು, ಪಟ್ಟಿಯಲ್ಲಿ 60 ಬಂದು ಕೂತಿತು. ಅರ್ಜಿ ಅಳಿಸಿದೆ.

ನೆಮ್ಮದಿ ಎರಡು ದಿನ. ಆಮೇಲೆ ತೆರೆ ಗಂಟೆಗೆ ಒಂದೆರಡು ಸಲ ಕಪ್ಪಾಗಿ ಎರಡು ಸೆಕೆಂಡ್ ಬಿಟ್ಟು ಬರತೊಡಗಿತು. ಮತ್ತೆ ಹಬ್ ಮೇಲೆಯೇ ಅನುಮಾನ. ಡ್ರೈವರ್ ಅಪ್‌ಡೇಟ್ ಮಾಡಿದೆ, ಹಬ್ಬನ್ನು ಇನ್ನೊಂದು ಪೋರ್ಟಿಗೆ ಹಾಕಿದೆ, ರೆಸಲ್ಯೂಷನ್ ಇಳಿಸಿದೆ, ಎಲ್ಲ ಒಟ್ಟಿಗೆ. ಕಪ್ಪಾಗುವುದು ನಿಂತಿತು, ಆದರೆ ಯಾವುದರಿಂದ ನಿಂತಿತು ಅನ್ನುವುದು ಗೊತ್ತಾಗಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅನ್ನುವುದು ಗೊತ್ತಿದ್ದೂ ಮಾಡದ ತಪ್ಪು. ಎಲ್ಲವನ್ನೂ ಮೊದಲಿನಂತೆ ಇಟ್ಟು 60ರಿಂದ 30ಕ್ಕೆ ಮಾತ್ರ ಇಳಿಸಿದೆ. ಇಡೀ ದಿನ ಒಂದು ಮಿಟುಕೂ ಇಲ್ಲ. ಮತ್ತೆ 60, ಮತ್ತೆ ಮಿಟುಕು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಡ್ರಾಯರಿನಿಂದ ತೆಗೆದು ಹಾಕಿದ್ದ ಹಳೇ ಎಚ್‌ಡಿಎಂಐ ಕೇಬಲ್. ಎಚ್‌ಡಿಎಂಐ 1.4 ಕಾಲದ ಗರಿಷ್ಠ 10.2 ಗಿಗಾಬಿಟ್, 2013ರಲ್ಲಿ ಬಂದ 2.0 ಅದನ್ನು 18ಕ್ಕೆ ಏರಿಸಿತು. 4ಕೆ 60ಕ್ಕೆ ಹತ್ತಿರಹತ್ತಿರ ಆ 18 ಪೂರ್ತಿಯೇ ಬೇಕು. ಅಷ್ಟು ಹೊರೆ ಹೊತ್ತು ಅಭ್ಯಾಸವಿಲ್ಲದ ಕೇಬಲ್ ಆಗಾಗ ಮುಗ್ಗರಿಸುತ್ತಿತ್ತು. 'ಪ್ರೀಮಿಯಂ ಹೈ ಸ್ಪೀಡ್' ಗುರುತಿನ ಒಂದೂವರೆ ಮೀಟರ್ ಕೇಬಲ್ ತಂದೆ, ಕಥೆ ಮುಗಿಯಿತು.

ಮುಗಿಯಿತು ಅಂದೆನಲ್ಲ, ಪೂರ್ತಿ ಅಲ್ಲ. ಚಳಿಗಾಲದಲ್ಲಿ ಹೊಸ ವಿಚಿತ್ರ ಶುರುವಾಯಿತು. ನಾನು ಕುರ್ಚಿಯಿಂದ ಎದ್ದಾಗ ತೆರೆ ಮಿಟುಕುತ್ತದೆ! ಮನೆಯವರಿಗೆ ಹೇಳಿದರೆ ನಕ್ಕರು. ನಾನೇ ಹತ್ತು ಸಲ ಎದ್ದು ಕೂತು ನೋಡಿದೆ, ನಾಲ್ಕು ಸಲ ಮಿಟುಕಿತು. ಹುಡುಕಿದಾಗ ತಿಳಿದದ್ದು, ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಗಳಿಂದ ಎದ್ದಾಗ ಸ್ಥಾಯೀ ವಿದ್ಯುತ್ತಿನ ಸಣ್ಣ ಕಿಡಿಯೊಂದು ಹುಟ್ಟಿ, ಅದರ ಅಲೆಯನ್ನು ವೀಡಿಯೊ ಕೇಬಲ್ ಹಿಡಿದುಬಿಡಬಹುದು. ಇದು ಇಂಜಿನಿಯರ್‌ಗಳಿಗೆ ಗೊತ್ತಿರುವ ಸಂಗತಿಯಂತೆ, ನನಗೆ ಮಾತ್ರ ಭೂತಚೇಷ್ಟೆ. ಕುರ್ಚಿಯ ಕಾಲಿಗೆ ತಾಗುವಂತೆ ನೆಲದ ಮೇಲೆ ಬಿದ್ದಿದ್ದ ಕೇಬಲನ್ನು ಎತ್ತಿ ಮೇಜಿನ ಹಿಂಬದಿಗೆ ಕಟ್ಟಿದೆ. ಆಮೇಲೆ ವಾರಕ್ಕೊಮ್ಮೆ ಆದರೆ ಹೆಚ್ಚು.

ಇಷ್ಟರವರೆಗೆ ಎತ್ತಿಗೆ ಜ್ವರ ಬಂದಾಗಲೆಲ್ಲ ಎಮ್ಮೆಗೆ ಬರೆ ಹಾಕಿದ್ದಾಯಿತು. ಇನ್ನು ಎಮ್ಮೆಯದೇ ಜ್ವರದ ವಿಷಯ.

ಲ್ಯಾಪ್‌ಟಾಪ್ ನಿದ್ದೆಯಿಂದ ಏಳುವಾಗ ಮಾನಿಟರ್ 'ನೋ ಸಿಗ್ನಲ್' ಅಂತ ಹೇಳಿ ತಾನೂ ಮಲಗಿಬಿಡುವುದು, ವಾರಕ್ಕೆ ಎರಡು ಸಲವಾದರೂ. ಟೈಪ್-ಸಿಯಿಂದ ಹೊರಡುವುದು ಡಿಸ್‌ಪ್ಲೇಪೋರ್ಟ್ ಸಿಗ್ನಲ್, ಅದನ್ನು ಎಚ್‌ಡಿಎಂಐಗೆ ತರ್ಜುಮೆ ಮಾಡುವ ಚಿಪ್ ಹಬ್ಬಿನೊಳಗಿದೆ. ಈ ದುಭಾಷಿ ಆಗೊಮ್ಮೆ ಈಗೊಮ್ಮೆ ಮಾತು ಮರೆತು ಕೂರುತ್ತಾನೆ. ಎಚ್‌ಡಿಎಂಐ ಕೇಬಲ್ ಕಿತ್ತು ಹಾಕಿದರೆ ಏನೂ ಆಗುವುದಿಲ್ಲ. ಹಬ್ಬನ್ನು ಲ್ಯಾಪ್‌ಟಾಪಿನಿಂದ ಕಿತ್ತರೂ ಆಗುವುದಿಲ್ಲ, ಯಾಕೆಂದರೆ ಚಾರ್ಜರಿನ ಕರೆಂಟ್ ಹಬ್‌ಗೆ ಹರಿಯುತ್ತಲೇ ಇರುತ್ತದೆ, ಚಿಪ್ ಆರುವುದೇ ಇಲ್ಲ. ಇದು ಹೊಳೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಎರಡನ್ನೂ ಕೀಳಬೇಕು, ಮೊದಲು ಚಾರ್ಜರ್, ಆಮೇಲೆ ಲ್ಯಾಪ್‌ಟಾಪ್ ಕಡೆ. ಹತ್ತಕ್ಕೆ ಎಣಿಸಿ ಹಬ್ ಹಾಕಿ, ಚಿತ್ರ ಬಂದಮೇಲೆ ಚಾರ್ಜರ್. ನನಗೆ ಇದು ಒಮ್ಮೆಯೂ ಕೈಕೊಟ್ಟಿಲ್ಲ.

ಕೀಳುವುದಕ್ಕೂ ಮುಂಚೆ ಕೂತಲ್ಲೇ ಮಾಡಬಹುದಾದದ್ದು ಎರಡು. ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆಯ್ಕೆಯಲ್ಲೇ ಇದೆಯೇ ನೋಡುವುದು. ಆಗಲಿಲ್ಲವೆಂದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತುವುದು, ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಕಡತಗಳಿಗೆ ಏನೂ ಆಗುವುದಿಲ್ಲ. ಮಾನಿಟರ್ ಮೆನುವಿನಲ್ಲಿ 'ಡೀಪ್ ಸ್ಲೀಪ್' ಆಫ್ ಮಾಡಿ, ಇನ್‌ಪುಟ್ಟನ್ನು ಆಟೋ ಬಿಟ್ಟು ನೇರವಾಗಿ ಎಚ್‌ಡಿಎಂಐಗೆ ಕಟ್ಟಿಹಾಕಿದ ಮೇಲೆ ಈ ಕಾಟ ತಿಂಗಳಿಗೆ ಒಂದಕ್ಕೆ ಇಳಿದಿದೆ. ಹಾಗೆಂದು ಹಬ್ ತಪ್ಪಿಲ್ಲ ಅನ್ನಲಾರೆ. ಇದೇ ಮಾನಿಟರನ್ನು ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ಒಂದೇ ಕೇಬಲಿನಲ್ಲಿ ನೇರ ಜೋಡಿಸಿ ಒಂದು ತಿಂಗಳು ನೋಡಿದೆ, ಒಮ್ಮೆಯೂ ಹೀಗಾಗಲಿಲ್ಲ. ನಡುವೆ ದುಭಾಷಿಯೇ ಇಲ್ಲವಲ್ಲ.

ಇನ್ನೊಂದು ನಿಜವಾದ ದೋಷ ಚಾರ್ಜಿಂಗ್‌ನದ್ದು. ಹಬ್‌ಗೆ ಚಾರ್ಜರ್ ಹಾಕಿದರೂ ತೆಗೆದರೂ ಆ ಕ್ಷಣ ಎಲ್ಲವೂ ಒಮ್ಮೆ ಕಡಿದು ಜೋಡಣೆಯಾಗುತ್ತದೆ. ತೆರೆ ಮಿಟುಕಿದರೆ ಸಹಿಸಬಹುದು. ಪೆನ್‌ಡ್ರೈವಿಗೆ ಫೈಲ್ ಕಾಪಿ ಆಗುತ್ತಿದ್ದಾಗ ಚಾರ್ಜರ್ ಕಿತ್ತು ಒಂದಿಡೀ ಫೋಲ್ಡರ್ ಕಳೆದುಕೊಂಡೆ. ಇದರ ಬಗ್ಗೆ ಡಬ್ಬದ ಮೇಲೂ ಇಲ್ಲ, ಒಳಗಿನ ಚೀಟಿಯಲ್ಲೂ ಒಂದು ಸಾಲಿಲ್ಲ. ಒಂದು ಸ್ಟಾರ್ ಕಡಿದದ್ದು ಇದಕ್ಕೇ. ಜೊತೆಗೆ ಹಬ್ ತನ್ನ ಪಾಲಿನ ಕರೆಂಟ್ ಎತ್ತಿಟ್ಟುಕೊಂಡು ಉಳಿದದ್ದನ್ನು ಮುಂದೆ ಕೊಡುತ್ತದೆ. ನನ್ನ 65 ವ್ಯಾಟ್ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪಿಗೆ ತಲುಪುವುದು 50ರ ಆಸುಪಾಸು, 'ಚಾರ್ಜರ್ ನಿಧಾನ' ಅಂತ ಅದು ದೂರು ಹೇಳುತ್ತದೆ. ಭಾರವಾದ ಕೆಲಸವಿದ್ದ ದಿನ ಚಾರ್ಜರನ್ನು ಲ್ಯಾಪ್‌ಟಾಪಿನ ಇನ್ನೊಂದು ಪೋರ್ಟಿಗೇ ಹಾಕಿಬಿಡುತ್ತೇನೆ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಕಪ್ಪು ಬೂದಿಯಂತೆ, ಬಣ್ಣ ತೊಳೆದಂತೆ ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಆರ್‌ಜಿಬಿ 'ಲಿಮಿಟೆಡ್' ಇದೆಯೇ ನೋಡಿ, 'ಫುಲ್' ಮಾಡಿ. ಲ್ಯಾಪ್‌ಟಾಪ್ ಬಣ್ಣದ ಮಟ್ಟಗಳನ್ನು 16ರಿಂದ 235ರವರೆಗೆ ಮಾತ್ರ ಕಳಿಸುತ್ತಿರುತ್ತದೆ, ಮಾನಿಟರ್ 0ಯಿಂದ 255ರವರೆಗೆ ಅಂದುಕೊಂಡಿರುತ್ತದೆ. ವೈರ್‌ಲೆಸ್ ಮೌಸ್ ತಡವರಿಸಿದರೆ ಅದರ ಡಾಂಗಲನ್ನು (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಹಬ್‌ನಿಂದ ದೂರ ಮಾಡಿ. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಝ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ನಾನು ಒಂದು ಅಡಿಯ ಎಕ್ಸ್‌ಟೆನ್ಷನ್ ಹಾಕಿ ಡಾಂಗಲನ್ನು ಮೇಜಿನ ಮುಂದಕ್ಕೆ ತಂದೆ, ಸರಿಹೋಯಿತು.

ತಂಗಿ ಒಮ್ಮೆ ಇದನ್ನು ಎರವಲು ಒಯ್ದು, 'ಅಣ್ಣಾ, ನಿನ್ನ ಹಬ್ ಕೆಟ್ಟಿದೆ, ಮೌಸ್ ಓಡುತ್ತೆ, ಚಿತ್ರ ಬರಲ್ಲ' ಅಂದಳು. ಹಬ್ ಚೆನ್ನಾಗಿಯೇ ಇತ್ತು. ಅವಳ ಲ್ಯಾಪ್‌ಟಾಪಿನ ಟೈಪ್-ಸಿ ಡೇಟಾ ಮತ್ತು ಚಾರ್ಜಿಂಗ್‌ಗೆ ಮಾತ್ರ ಇದ್ದದ್ದು, ಚಿತ್ರ ಕಳಿಸುವ ಏರ್ಪಾಡೇ ಅದಕ್ಕಿಲ್ಲ. ಪೋರ್ಟಿನ ಪಕ್ಕ ಡಿಸ್‌ಪ್ಲೇಪೋರ್ಟಿನ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ನಿಶ್ಚಿಂತೆ. ಗುರುತಿಲ್ಲದಿದ್ದರೆ ಆ ಮಾದರಿಯ ವಿವರಪಟ್ಟಿ ತೆರೆದು 'ಆಲ್ಟ್ ಮೋಡ್' ಅನ್ನುವ ಪದ ಇದೆಯೇ ಹುಡುಕಿ, ಟೈಪ್-ಸಿಯಲ್ಲಿ ಚಿತ್ರ ಕಳಿಸುವ ಏರ್ಪಾಡಿನ ಹೆಸರು ಅದು. ಟೈಪ್-ಸಿ ಅನ್ನುವುದು ಬಾಯಿಯ ಆಕಾರ ಅಷ್ಟೇ, ಒಳಗೆ ಯಾವ ಮಾತು ಬರುತ್ತದೆ ಅನ್ನುವುದು ಬೇರೆ. ಫೋನಿನ ಜೊತೆ ಬಂದ ಎಷ್ಟೋ ಟೈಪ್-ಸಿ ಕೇಬಲ್‌ಗಳಲ್ಲಿ ವೇಗದ ತಂತಿಗಳೇ ಇರುವುದಿಲ್ಲ, ಅವುಗಳಲ್ಲೂ ಚಿತ್ರ ಬರುವುದಿಲ್ಲ. ಎರಡು ಎಚ್‌ಡಿಎಂಐ ಇರುವ ಹಬ್ ಕೊಳ್ಳುವ ಮ್ಯಾಕ್‌ಬುಕ್‌ನವರಿಗೂ ಒಂದು ಮಾತು. ಇಂಥ ಸಾಮಾನ್ಯ ಹಬ್‌ಗಳಲ್ಲಿ ಮ್ಯಾಕ್ ಎರಡೂ ತೆರೆಗೆ ಒಂದೇ ಚಿತ್ರ ಕಳಿಸುತ್ತದೆ. ಬೇರೆಬೇರೆ ಬೇಕೆಂದರೆ ಡಿಸ್‌ಪ್ಲೇಲಿಂಕ್ ಬಗೆಯದನ್ನು ನೋಡಿ, ಅದಕ್ಕೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕಾಗುತ್ತದೆ.

ಈಗ ಬಾಲದ ವಿಷಯ. ಹಬ್‌ನಿಂದ ಹೊರಡುವ ಗೇಣುದ್ದದ ಟೈಪ್-ಸಿ ಕೇಬಲ್ ಅದಕ್ಕೇ ಅಂಟಿಕೊಂಡಿದೆ, ಬಿಚ್ಚಿ ಬದಲಿಸುವಂತಿಲ್ಲ. ಎರಡೂವರೆ ವರ್ಷಕ್ಕೆ ಕೇಬಲ್ ಹಬ್‌ಗೆ ಸೇರುವ ಜಾಗದಲ್ಲಿ ಹೊರಗವಚ ಬಿರಿಯಿತು. ಈಗ ಲ್ಯಾಪ್‌ಟಾಪ್ ಒಂದಿಷ್ಟು ಸರಿದರೂ ಚಿತ್ರ ಹೋಗುತ್ತದೆ. ಅಲ್ಯೂಮಿನಿಯಂ ಮೈ ಇನ್ನೂ ಗಟ್ಟಿ, ಒಳಗಿನ ಚಿಪ್ ಇನ್ನೂ ಓಡುತ್ತಿದೆ, ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಬಿಸಿ ತಾಗುತ್ತದೆ, ಮೊದಲಿನಿಂದಲೂ ಹಾಗೇ. ಮಡಿಕೆ ಬೀಳುವ ಮೂರಂಗುಲ ತಂತಿಗಾಗಿ ಇಡೀ ವಸ್ತು ಕಸಕ್ಕೆ ಹೋಗಬೇಕೆಂದರೆ ಹೊಟ್ಟೆ ಉರಿಯುತ್ತದೆ. ಉಳಿದ ಅರ್ಧ ಸ್ಟಾರ್ ಹೋದದ್ದು ಅಲ್ಲಿ.

ಸದ್ಯಕ್ಕೆ ಬಾಲವನ್ನು ಲ್ಯಾಪ್‌ಟಾಪ್ ಸ್ಟ್ಯಾಂಡಿನ ಕಾಲಿಗೆ ಟೇಪ್ ಸುತ್ತಿ ಅಲುಗಾಡದಂತೆ ನಿಲ್ಲಿಸಿದ್ದೇನೆ. ಇದನ್ನು ಬರೆಯುವಷ್ಟರಲ್ಲಿ ತೆರೆ ಒಂದೇ ಸಲ ಹೋಗಿ ಬಂತು, ಅದೂ ನಾನು ಕುರ್ಚಿಯಿಂದ ಎದ್ದಾಗ. ಮುಂದೆ ಕೊಳ್ಳುವುದು ಎರಡೂ ತುದಿ ಬಿಚ್ಚಿಕೊಳ್ಳುವ ಕೇಬಲ್ ಇರುವ ಹಬ್, ಅದರಲ್ಲಿ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು.